ಗಂಜಿನ ಅಡತಿಯಲ್ಲಿ ಓಪನ್‌ಬಿಎಸ್‌ಡಿ: ನನ್ನ ಅನುಭವ

"ಲಿನಕ್ಸ್ ಬಿಟ್ಟು ಅದೇನ್ ಹಚ್ಚತೀ ಮಾರಾಯ? ನಾಳೆ ಕೆಟ್ರ ರಿಪೇರಿ ಮಾಡಾವ್ರು ಸಿಗಂಗಿಲ್ಲ" ಅಂತ ಗೆಳೆಯರು ನಕ್ಕಿದ್ದರು. ಕಲಬುರಗಿ ಗಂಜಿನ (ಧಾನ್ಯ ಮಾರುಕಟ್ಟೆಯ) ತೊಗರಿ ಅಡತಿಯೊಂದಕ್ಕೆ, ಲಿನಕ್ಸ್‌ನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಓಪನ್‌ಬಿಎಸ್‌ಡಿ ಹಚ್ಚಿ ನಾನು ಮಾಡಿದ ಆ ಫೈರ್‌ವಾಲ್ (ನೆಟ್‌ವರ್ಕಿನ ಕಾವಲು ಪೆಟ್ಟಿಗೆ) ಈಗ ಮೂರು ಸುಗ್ಗಿ ದಾಟಿದೆ.

ಮೊದಲ ಆರು ತಿಂಗಳು ನಕ್ಕವರ ಮಾತೇ ಖರೆ ಅನ್ನಿಸಿತ್ತು. ಹಳೇ ಡೆಸ್ಕ್‌ಟಾಪು ನಾಲ್ಕು ಸಾವಿರದ ಆಸುಪಾಸು. ಅದರ ಅಗ್ಗದ ನೆಟ್‌ವರ್ಕ್ ಕಾರ್ಡು ಸವಾಲಿನ (ಹರಾಜಿನ) ಹೊತ್ತಿಗೇ ಕೈಕೊಡುತ್ತಿತ್ತು. ಸೆಕೆಂಡ್‌ಹ್ಯಾಂಡ್ ಇಂಟೆಲ್ ಕಾರ್ಡಿಗೆ ಮತ್ತೆ ಎರಡು ಸಾವಿರ. ಒಂದಿನ ಮನೆಯಿಂದಲೇ ಪಿಎಫ್ (ಓಪನ್‌ಬಿಎಸ್‌ಡಿಯ ಫೈರ್‌ವಾಲ್ ಪ್ರೋಗ್ರಾಂ) ರೂಲ್ ತಿದ್ದಿದೆ, ದೂರದಿಂದ ಲಾಗಿನ್ ಆಗೋ ಎಸ್‌ಎಸ್‌ಎಚ್‌ಗೆ ದಾರಿ ಬಿಡುವ ಪಾಸ್ ಸಾಲು ಮರೆತೆ. ಹಳೇ ಸ್ಟೇಟ್ (ಆಗಲೇ ತೆರೆದ ಸಂಪರ್ಕದ ದಾಖಲೆ) ಇದ್ದುದಕ್ಕೆ ಸೆಷನ್ ನಡೆದೇ ಇತ್ತು. ಲಾಗ್‌ಔಟ್ ಆದಮೇಲೆ ಬಾಗಿಲು ಬಂದ್. ಮೇ ತಿಂಗಳ ಮಟಮಟ ಮಧ್ಯಾಹ್ನ ಗಾಡಿ ಹತ್ತಿ ಗಂಜಿಗೆ ಓಡಿದೆ.

ನಿಜವಾದ ಕಾಟ ಕರೆಂಟಿನದು. ಓಪನ್‌ಬಿಎಸ್‌ಡಿಯ ಫೈಲ್‌ಸಿಸ್ಟಮ್‌ಗೆ ಜರ್ನಲ್ (ಬದಲಾವಣೆಯನ್ನು ಮೊದಲೇ ಗುರುತಿಟ್ಟುಕೊಳ್ಳೋ ಪಟ್ಟಿ) ಇಲ್ಲ. ಕರೆಂಟ್ ಹೋಗಿ ಬಂದರೆ ಎಫ್‌ಎಸ್‌ಸಿಕೆ ಅನ್ನೋ ಡಿಸ್ಕ್ ತಪಾಸಣೆ, ಒಮ್ಮೊಮ್ಮೆ ಅದೂ ಅರ್ಧಕ್ಕೆ ನಿಂತು ಕೈಯಿಂದ ನಡೆಸು ಅನ್ನುತ್ತಿತ್ತು. ಗುಮಾಸ್ತನಿಗೆ ಫೋನಿನಲ್ಲಿ 'ವೈ' ಒತ್ತು, ಮತ್ತೆ 'ವೈ' ಒತ್ತು ಅಂತ ಹೇಳಿ ಸಾಕಾಯಿತು. ಯುಪಿಎಸ್ ಬ್ಯಾಟರಿಗೆ ಐದಾರು ಸಾವಿರ ಸುರಿದರೂ ವರ್ಷ ಬಾಳಲಿಲ್ಲ. ಕೊನೆಗೆ ಪಾರ್ಟಿಷನ್‌ಗಳನ್ನು ರೀಡ್‌ಓನ್ಲಿ (ಓದಲು ಮಾತ್ರ) ಮಾಡಿ, ಲಾಗ್‌ಗಳಂಥ ಬದಲಾಗೋ ಫೈಲುಗಳಿರೋ ವಾರ್ (/var) ಫೋಲ್ಡರ್ ಅನ್ನು ಮೆಮೊರಿಗೆ ಏರಿಸಿದೆ. ಡಿಸ್ಕಿಗೆ ಬರೆಯಲೇಬೇಕಾದ ಸಿಸ್‌ಪ್ಯಾಚ್ (ಭದ್ರತಾ ತಿದ್ದುಪಡಿ ಹಾಕೋ ಆಜ್ಞೆ) ಹೊತ್ತಿಗೆ ಏನು ಮಾಡುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ.

ನಡುವೆ ಬಿಲ್ಲುಗಳಿಗೆ ಇನ್ನೊಂದು ಪೆಟ್ಟಿಗೆಯಲ್ಲಿ ಓಪನ್‌ಬಿಎಸ್‌ಡಿಯ ದಾಯಾದಿ ಫ್ರೀಬಿಎಸ್‌ಡಿ ಹಚ್ಚಿ ನೋಡಿದೆ. ಗುಮಾಸ್ತ ಸ್ಟಾಕ್ ಫೈಲ್ ಅಳಿಸಿದ್ದನ್ನು ಅದರ ಜೆಡ್‌ಎಫ್‌ಎಸ್ ಫೈಲ್‌ಸಿಸ್ಟಮ್ ಮೊದಲೇ ಹಿಡಿದಿಟ್ಟಿದ್ದ ಸ್ನ್ಯಾಪ್‌ಶಾಟ್‌ನಿಂದ ಎರಡು ನಿಮಿಷಕ್ಕೆ ವಾಪಸ್ ತಂದೆ. ಆ ಪೆಟ್ಟಿಗೆ ಇಂದಿಗೂ ಅಲ್ಲೇ ಇದೆ. ಆದರೆ ಫ್ರೀಬಿಎಸ್‌ಡಿಯವರ ಕರ್ನಲ್ ವೈರ್‌ಗಾರ್ಡ್ (ವಿಪಿಎನ್) ಕೋಡಿನ ಗುಣಮಟ್ಟದ ಮೇಲೆ ರಂಪವಾಗಿ, 2021ರಲ್ಲಿ 13.0 ಬಿಡುಗಡೆಗೆ ಮೊದಲೇ ಅದನ್ನು ಕಿತ್ತು ಹಾಕಿದ್ದು ನೆನಪಿದೆ. ಓಪನ್‌ಬಿಎಸ್‌ಡಿಯಲ್ಲಿ ವೈರ್‌ಗಾರ್ಡ್ 2020ರ 6.8ರಿಂದಲೇ ಇತ್ತು. ಹಾಗಂತ ಓಪನ್‌ಬಿಎಸ್‌ಡಿಯವರ 'ಡಿಫಾಲ್ಟ್ ಇನ್‌ಸ್ಟಾಲ್‌ನಲ್ಲಿ ಇಷ್ಟು ವರ್ಷಕ್ಕೆ ಎರಡೇ ರಿಮೋಟ್ ತೂತು (ದೂರದಿಂದ ನುಗ್ಗೋ ದೋಷ)' ಅನ್ನೋ ಜಂಬಕ್ಕೂ ನಾನು ಪೂರ್ತಿ ತಲೆದೂಗಲ್ಲ. ಡಿಫಾಲ್ಟ್ ಇನ್‌ಸ್ಟಾಲ್‌ನಲ್ಲಿ ಓಡೋದೇ ಬೆರಳೆಣಿಕೆ ಸರ್ವಿಸ್.

2024ರ ಜುಲೈ 1ರಂದು ಓಪನ್‌ಎಸ್‌ಎಸ್‌ಎಚ್‌ನ ರಿಗ್ರೆಶನ್ (regreSSHion) ಅನ್ನೋ ತೂತು ಬಯಲಾಯಿತು. ನಕ್ಕವರೆಲ್ಲ ರಾತ್ರಿಯಿಡೀ ತಮ್ಮ ಲಿನಕ್ಸ್‌ಗಳಿಗೆ ಎಸ್‌ಎಸ್‌ಎಚ್ ಪ್ಯಾಚ್ ಹಚ್ಚುತ್ತ ಕೂತರು. ಸಿಗ್ನಲ್ ಹ್ಯಾಂಡ್ಲರ್ (ಪ್ರೋಗ್ರಾಂ ಅನ್ನು ನಡುವೆ ತಡೆದು ಓಡೋ ಕೋಡು) ಲಾಗ್ ಬರೆಯೋ ಸಿಸ್‌ಲಾಗ್ ಅನ್ನು ಕರೆದು ಎಡವೋದೇ ಆ ತೂತಿನ ಮೂಲ. ಹಾಗೆ ಕರೆದರೂ ಎಡವದ ಸಿಸ್‌ಲಾಗ್ ಅನ್ನು ಓಪನ್‌ಬಿಎಸ್‌ಡಿಯವರು 2001ರಲ್ಲೇ ಮಾಡಿಟ್ಟಿದ್ದರು, ಹಂಗಾಗಿ ನನ್ನ ಪೆಟ್ಟಿಗೆಗೆ ಅದರ ಬಿಸಿ ತಟ್ಟಲಿಲ್ಲ. ನಾನು ರೊಟ್ಟಿ ಉಂಡು ಮಲಗಿದೆ. ಈ ಮಾತು ಅವರಿಗೆ ಹತ್ತು ಸಲ ಹೇಳಿದ್ದೇನೆ.

ಮೊನ್ನೆ ಅವರಲ್ಲೇ ಒಬ್ಬ ಬಂದು ಪಿಎಫ್ ಫೈಲ್ ಕೇಳಿದ. ಕೊಟ್ಟೆ. ಆ ರೀಡ್‌ಓನ್ಲಿ ಗುಟ್ಟು ಇರೋ ಎಫ್‌ಎಸ್‌ಟ್ಯಾಬ್ (ಪಾರ್ಟಿಷನ್‌ಗಳ ಪಟ್ಟಿ) ಮಾತ್ರ ಕೊಟ್ಟಿಲ್ಲ.