ಹಳೇ ಟಾಕೀಸಿನಲ್ಲಿ ಸ್ಕೇಟಿಂಗ್ ರಿಂಕ್: ಮೊದಲು ಕಟ್ಟಡದ ಚರಿತ್ರೆ, ಆಮೇಲೆ ನೆಲ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಬೀಗ ಬಿದ್ದ ಟಾಕೀಸುಗಳು ಅಲ್ಲಲ್ಲಿ ಇನ್ನೂ ನಿಂತಿವೆ. ನಡುವೆ ಕಂಬವಿಲ್ಲದ 40-45 ಅಡಿ ಅಗಲದ ಹಾಲು, ಎತ್ತರದ ಸೂರು, ಎರಡೂ ಬದಿಗೆ ಬಾಗಿಲು, ಮುಂದೆ ಸೈಕಲ್ ಸ್ಟ್ಯಾಂಡಿನ ಜಾಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಿನಲ್ಲಿ ಚಕ್ರ ಉರುಳಿಸಲಾಗದ ಈ ಸೀಮೆಯಲ್ಲಿ ಮಕ್ಕಳ ಸ್ಕೇಟಿಂಗಿಗೆ ಇದಕ್ಕಿಂತ ಒಳ್ಳೆಯ ಸೂರು ಸಿಗುವುದಿಲ್ಲ. ಆದರೆ ಕುರ್ಚಿ ಕಿತ್ತ ಮರುದಿನವೇ ಕಾಂಕ್ರೀಟು ಸುರಿದರೆ ಎರಡೇ ಮಳೆಗಾಲದಲ್ಲಿ ನೆಲ ಬಿರಿಯುತ್ತದೆ. ಕಟ್ಟಡ ಹಿಂದೆ ಏನೇನಾಗಿತ್ತು ಅನ್ನುವುದು ನೆಲದಡಿ, ಗೋಡೆಯೊಳಗೆ ಉಳಿದುಕೊಂಡಿರುತ್ತದೆ. ಅದನ್ನು ಓದಿಕೊಂಡ ಮೇಲೆಯೇ ಹಾರೆ ಹಿಡಿಯಬೇಕು.

ಬೇರೆ ಕೆಲಸಕ್ಕೆ ಕಟ್ಟಿದ ಹಾಲಿನಲ್ಲಿ ಸ್ಕೇಟಿಂಗ್ ನಡೆಸುವುದು ಈ ಆಟದ ಹುಟ್ಟಿನಿಂದಲೂ ಇದೆ. ಮೈ ವಾಲಿದ ಕಡೆಗೆ ತಿರುಗುವ ನಾಲ್ಕು ಚಕ್ರದ ಸ್ಕೇಟನ್ನು 1863ರಲ್ಲಿ ನ್ಯೂಯಾರ್ಕಿನಲ್ಲಿ ರೂಪಿಸಿದ ಜೇಮ್ಸ್ ಪ್ಲಿಂಪ್ಟನ್, 1866ರಲ್ಲಿ ನ್ಯೂಪೋರ್ಟಿನ ಹೋಟೆಲೊಂದರ ಊಟದ ಹಾಲನ್ನೇ ರಿಂಕ್ ಮಾಡಿದ. ಅಮೆರಿಕದ ಸಣ್ಣ ಊರುಗಳ ಎಷ್ಟೋ ನಾಟಕ ಮಂದಿರಗಳಲ್ಲಿ ಕುರ್ಚಿ ಸರಿಸಿ ಸ್ಕೇಟಿಂಗ್ ನಡೆಸುತ್ತಿದ್ದರು. ಅವಕ್ಕೆ ಅದು ಸುಲಭವಾಗಿತ್ತು, ನೆಲ ಸಪಾಟಾಗಿತ್ತು. ನಮ್ಮ ಟಾಕೀಸುಗಳ ನೆಲ ಪರದೆಯ ಕಡೆಗೆ ಇಳಿಜಾರು. ಕಷ್ಟವೆಲ್ಲ ಇರುವುದು ಅಲ್ಲೇ.

ಕಾಗದ ಹುಡುಕುವುದು

ಮೊದಲು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ. 2004ರ ಏಪ್ರಿಲ್‌ನಿಂದ ಈಚಿನದು ನೋಂದಣಿ ಇಲಾಖೆಯ ಜಾಲತಾಣ ಕಾವೇರಿ ಆನ್‌ಲೈನಿನಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಕಚೇರಿಯ ಪುಸ್ತಕಗಳನ್ನೇ ಹುಡುಕಿಸಬೇಕು. ಹಳೆಯ ಕ್ರಯಪತ್ರದ ಚೆಕ್ಕುಬಂದಿಯಲ್ಲಿ (ಸ್ವತ್ತಿನ ವಿವರ, ಎಲ್ಲೆ ಬರೆದ ಭಾಗ) 'ನಾಟಕಶಾಲೆ', 'ಅಕ್ಕಿ ಗಿರಣಿ', 'ಕಾಫಿ ಗೋದಾಮು' ಅಂತ ಬರೆದಿದ್ದರೆ ಅದೇ ನಿಮ್ಮ ಮೊದಲ ಸುಳಿವು.

ಎರಡನೆಯದು ಚಿತ್ರಮಂದಿರದ ಲೈಸೆನ್ಸ್ ಕಡತ. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯ ಪ್ರಕಾರ ಲೈಸೆನ್ಸ್ ಕೊಡುವವರು ಜಿಲ್ಲಾ ಮ್ಯಾಜಿಸ್ಟ್ರೇಟರು, ಹಾಗಾಗಿ ಕಡತ ಜಿಲ್ಲಾಧಿಕಾರಿ ಕಚೇರಿಯಲ್ಲಿರಬೇಕು. ಅದರಲ್ಲಿ ಅನುಮೋದಿತ ನಕ್ಷೆ, ಆಸನಗಳ ಸಂಖ್ಯೆ, ವಿದ್ಯುತ್ ತಪಾಸಣೆಯ ವರದಿ ಇದ್ದರೆ ನಕಲು ತೆಗೆದುಕೊಳ್ಳಿ. ಸುಮ್ಮನೆ ಕೇಳಿದರೆ ಸಿಗದಿದ್ದಲ್ಲಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ: 10 ರೂಪಾಯಿ ಶುಲ್ಕ, 30 ದಿನದ ಗಡುವು. 'ಎಲ್ಲಾ ದಾಖಲೆ' ಅಂತ ಬರೆಯಬೇಡಿ. 'ನೆಲದ ಉದ್ದ ಛೇದ (ಕಟ್ಟಡವನ್ನು ಉದ್ದಕ್ಕೆ ಸೀಳಿ ನೋಡಿದ ಚಿತ್ರ) ತೋರಿಸುವ ಅನುಮೋದಿತ ನಕ್ಷೆ' ಅಂತ ನಿಖರವಾಗಿ ಕೇಳಿ. ಆ ಒಂದು ಹಾಳೆಯಲ್ಲಿ ಪಾಯದ ಆಳ ಸಿಕ್ಕಿಬಿಟ್ಟರೆ ಅರ್ಧ ಚಿಂತೆ ಕಳೆದಂತೆ.

ಚಿಕ್ಕಮಗಳೂರಿನ ಹಳೆಯ ಕಾಗದ ಹುಡುಕುವವರು ಒಂದು ನೆನಪಿಡಬೇಕು: 1947ರವರೆಗೆ ಆ ಜಿಲ್ಲೆಯ ಹೆಸರು ಕಡೂರು ಜಿಲ್ಲೆ. ರಾಜ್ಯ ಪತ್ರಾಗಾರದಲ್ಲಿ 'ಚಿಕ್ಕಮಗಳೂರು' ಅಂತ ಹುಡುಕಿ ಏನೂ ಸಿಗಲಿಲ್ಲವೆಂದು ವಾಪಸು ಬರಬೇಡಿ.

ಬೇಲೂರು, ಹಳೇಬೀಡಿನಲ್ಲಿ ಕಟ್ಟಡವಿದ್ದರೆ ದೇವಸ್ಥಾನದಿಂದ ಎಷ್ಟು ದೂರ ಅಂತ ಅಳೆಸಿ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ರಿಪೇರಿಗೂ ಅನುಮತಿ ಬೇಕು.

ಊರಿನ ಹಿರಿಯರನ್ನು, ಮುಖ್ಯವಾಗಿ ಆಪರೇಟರ್, ಗೇಟ್‌ಕೀಪರ್, ಕ್ಯಾಂಟೀನಿನವರನ್ನು ಮಾತಾಡಿಸಿ. ಇಸವಿ ಕೇಳಿದರೆ ಅಂದಾಜು ಹೇಳುತ್ತಾರೆ. 'ಗಾಂಧಿ ಕ್ಲಾಸಿನಲ್ಲಿ ಬೆಂಚು ಬರುವುದಕ್ಕೆ ಮುಂಚೆ ಏನಿತ್ತು ಯಜಮಾನರೇ? ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತಿತ್ತು? ಬಾಲ್ಕನಿ ಆಮೇಲೆ ಕಟ್ಟಿದ್ದೋ?' ಅಂತ ಕೇಳಿ. ನೀರು ನಿಲ್ಲುತ್ತಿದ್ದ ಜಾಗವನ್ನು ಅವರು ಬೊಟ್ಟು ಮಾಡಿ ತೋರಿಸುತ್ತಾರೆ, ನಕ್ಷೆಯಲ್ಲಿ ಅದು ಇರುವುದಿಲ್ಲ.

ಗೋಡೆ ಓದುವುದು

ಟಿಕೆಟ್ ಕಿಂಡಿಯ ಸುತ್ತ ಸುಣ್ಣದ ಪದರಗಳನ್ನು ಚಮಚದ ಹಿಡಿಯಿಂದ ಮೆಲ್ಲಗೆ ಕೆರೆದು ನೋಡಿ. ದರ ಬರೆದ ಅಕ್ಷರ ಸಿಕ್ಕರೆ ಕಾಲ ಗೊತ್ತಾಗುತ್ತದೆ. ದರ ಆಣೆಯಲ್ಲಿದ್ದರೆ ದಶಮಾಂಶ ನಾಣ್ಯ ಬಂದ 1957ರ ಏಪ್ರಿಲ್‌ಗೆ ಹಿಂದಿನದು ಅಥವಾ ಅದರ ಆಸುಪಾಸಿನದು. 'ನ.ಪೈ.' (ನಯಾ ಪೈಸೆ) ಅಂತಿದ್ದರೆ 1957ರಿಂದ 1964ರೊಳಗಿನದು. ಎಲ್ಲಾದರೂ 'ಮೈಸೂರು ರಾಜ್ಯ' ಅಂತಿದ್ದರೆ 1973ರ ನವೆಂಬರ್‌ಗೂ ಹಿಂದಿನದು. ಆ ಭಾಗವನ್ನು ಹಾಗೇ ಬಿಟ್ಟು ಗಾಜು ಮುಚ್ಚಿ. ಪೇಂಟರಿಗೆ ಮೊದಲೇ ಹೇಳದಿದ್ದರೆ ಒಂದೇ ಬೆಳಿಗ್ಗೆಯಲ್ಲಿ ಅಳಿಸಿಹೋಗುತ್ತದೆ.

ವೇದಿಕೆಯ ಆಳ ಅಳೆಯಿರಿ. ಬರೀ ಪರದೆಗೆ ಐದಾರು ಅಡಿ ಸಾಕು. 20 ಅಡಿ ಇದ್ದು, ಮೇಲೆ ರಾಟೆಯ ಕೊಕ್ಕೆಗಳಿದ್ದರೆ ಅದು ನಾಟಕ ಕಂಪನಿಗಳ ಕಾಲದ ರಂಗ. ಅಂಥ ವೇದಿಕೆಯ ಕೆಳಗೆ ಟೊಳ್ಳು ಇರುವ ಸಾಧ್ಯತೆ ಹೆಚ್ಚು, ಕಟ್ಟಿಗೆಯಿಂದ ಕುಟ್ಟಿ ಸದ್ದು ಕೇಳಿ. ರಂಗದ ಬಾಯಿಯ ಎರಡೂ ಬದಿ ಒಡೆದು ಅಗಲಿಸಿದ ಗುರುತಿದ್ದರೆ ಅದು ಸಿನಿಮಾಸ್ಕೋಪ್ ಪರದೆಗಾಗಿ ಮಾಡಿದ್ದು. ಆಗ ತೊಲೆಯ ಕೆಳಗಿನ ಆಸರೆ ಕಡಿಮೆಯಾಗಿರುತ್ತದೆ, ಎಂಜಿನಿಯರಿಗೆ ತೋರಿಸಲೇಬೇಕು. ಪಕ್ಕದ ಗೋಡೆಯ ಗಾರೆಯಲ್ಲಿ ಕಮಾನಿನ ಆಕಾರದ ಬಿರುಕು ಕಂಡರೆ ಒಳಗೆ ಮುಚ್ಚಿದ ಕಿಟಕಿ ಇದೆ ಅಂತ. ಕತ್ತಲೆಗಾಗಿ ಮುಚ್ಚಿದ ಅವನ್ನೇ ಮತ್ತೆ ತೆಗೆದರೆ ಗಾಳಿ ಬೆಳಕು ಎರಡೂ ಪುಕ್ಕಟೆ.

ಆಪರೇಟರ್ ರೂಮನ್ನು ಮುಟ್ಟಬೇಡಿ ಅನ್ನುವುದು ನಮ್ಮ ಗಟ್ಟಿ ಅಭಿಪ್ರಾಯ. ದಪ್ಪ ಗೋಡೆ, ಹೊರಗಿನಿಂದಲೇ ಮೆಟ್ಟಿಲು, ಕಿಂಡಿಗಳಿಗೆ ಕಬ್ಬಿಣದ ಮುಚ್ಚಳ: ಬೆಂಕಿ ಹಿಡಿದರೆ ಆರದ ನೈಟ್ರೇಟ್ ಫಿಲಮ್ಮಿನ ಭಯದಿಂದ ಹುಟ್ಟಿದ ರಚನೆ ಅದು. ಮೂಲೆಯಲ್ಲಿ ಹಳೆಯ ರೀಲು ಸಿಕ್ಕರೆ ಅಂಚಿನ ಅಕ್ಷರ ನೋಡಿ. 'ಸೇಫ್ಟಿ' ಅಂತ ಇಲ್ಲದಿದ್ದರೆ, ಅಂಟಂಟಾಗಿ ಅಥವಾ ಕಂದು ಪುಡಿಯಾಗಿ ಉದುರುತ್ತಿದ್ದರೆ ತಂಪಾದ ಜಾಗದಲ್ಲಿ, ಜನರಿಂದ ದೂರ ಇಟ್ಟು, ಪುಣೆಯ ರಾಷ್ಟ್ರೀಯ ಫಿಲಂ ಆರ್ಕೈವಿಗೆ ಬರೆಯಿರಿ. ವಿನೆಗರ್ ವಾಸನೆ ಬಂದರೆ ಅದು ಅಸಿಟೇಟ್ ಎಂಬ ಬೇರೆ ಬಗೆಯ ಫಿಲಮ್ಮು, ಅಷ್ಟು ಅಪಾಯವಿಲ್ಲ. ಪ್ರೊಜೆಕ್ಟರಿನಲ್ಲಿ ಝೆನಾನ್ ದೀಪ ಉಳಿದಿದ್ದರೆ ಕೈ ಹಾಕಬೇಡಿ. ತಣ್ಣಗಿದ್ದರೂ ಅದರೊಳಗೆ ಅನಿಲದ ಒತ್ತಡವಿದೆ, ಒಡೆದರೆ ಗಾಜು ಸಿಡಿಯುತ್ತದೆ. ಬಲ್ಲ ಆಪರೇಟರಿಂದಲೇ ಬಿಚ್ಚಿಸಿ.

ಗೋಡೆಗೆ ಹೊಡೆದ ಗೋಣಿತಾಟು, ಥರ್ಮೋಕೋಲ್, ಹೊಟ್ಟಿನ ಹಲಗೆ ಎಲ್ಲ ಹೊರಗೆ ಹೋಗಬೇಕು, ಅವು ಒಣಗಿದ ಸೌದೆಯೇ. ಸೂರು ಕಲ್ನಾರು ಶೀಟಿನದಾದರೆ ಒಣಗಿದ್ದಾಗ ಒಡೆಯಬೇಡಿ, ಕೊರೆಯಬೇಡಿ. ನೀರು ಚಿಮುಕಿಸಿ ಇಡಿಯಾಗಿ ಇಳಿಸಿ.

ಇಳಿಜಾರನ್ನು ಸಪಾಟು ಮಾಡುವುದು

ಉದಾಹರಣೆಗೆ ಹಾಲು 80 ಅಡಿ ಉದ್ದ, 45 ಅಡಿ ಅಗಲ, ಹಿಂದಿನಿಂದ ಮುಂದಕ್ಕೆ ಒಟ್ಟು 4 ಅಡಿ ಇಳಿಜಾರು ಅಂತಿಟ್ಟುಕೊಳ್ಳಿ. ಪೈಪಿನ ನೀರುಮಟ್ಟ ಹಿಡಿದು ಪ್ರತಿ 10 ಅಡಿಗೆ ಗೋಡೆಯ ಮೇಲೆ ಗುರುತು ಹಾಕಿ. ಗಾಂಧಿ ಕ್ಲಾಸಿನಲ್ಲಿ ನೆಲ ಬಹುತೇಕ ಸಪಾಟಾಗಿದ್ದು ಹಿಂದೆ ಕಡಿದಾಗುವುದುಂಟು, ಆದ್ದರಿಂದ ಎರಡು ತುದಿ ಮಾತ್ರ ಅಳೆದು ಲೆಕ್ಕ ಹಾಕಬೇಡಿ.

ಬಾಲ್ಕನಿ ಕೆಳಗಿನ ಹಿಂದಿನ 10 ಅಡಿಯನ್ನು ಹಾಗೇ ಬಿಡಿ, ಚಪ್ಪಲಿ ಕೌಂಟರಿಗೆ ಬೇಕು. ಉಳಿದದ್ದು 70 ಅಡಿ, ಇಳಿಜಾರು ಮೂರೂವರೆ ಅಡಿ. ಪೂರ್ತಿ ಮಣ್ಣು ತುಂಬಿದರೆ ಸುಮಾರು 5,500 ಘನಅಡಿ ಬೇಕು. ನಡುವಿನ ಮಟ್ಟ ಹಿಡಿದು ಹಿಂದೆ ಕಡಿದು ಮುಂದೆ ತುಂಬಿದರೆ ಕಡಿಯುವುದೂ ತುಂಬುವುದೂ ತಲಾ 1,380 ಘನಅಡಿ, ಕಾಲು ಭಾಗ. ಹೊರಗಿನ ಮಣ್ಣು ಬಹುಪಾಲು ಬೇಡ. ಆದರೆ ಹಿಂದಿನ ತುದಿಯಲ್ಲಿ 21 ಇಂಚು ಕಡಿಯುವ ಮೊದಲು ಗೋಡೆ, ಬಾಲ್ಕನಿ ಕಂಬಗಳ ಪಕ್ಕ ಗುಂಡಿ ತೋಡಿ ಪಾಯದ ತಳ ನೋಡಿ. ಪಾಯ ಆಳವಿಲ್ಲದಿದ್ದರೆ ಕಡಿಯುವ ಯೋಚನೆಯೇ ಬೇಡ, ತುಂಬಿಯೇ ಮಾಡಿ.

ತುಂಬುವ ಕಡೆ ಹಳೆಯ ನೆಲದ ಫೋಟೋ, ಅಳತೆ ತೆಗೆದು, ಅದರ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ನಾಳೆ ಯಾರಾದರೂ ಮತ್ತೆ ಪರದೆ ಕಟ್ಟಬೇಕೆಂದರೆ ಇಳಿಜಾರು ಅಡಿಯಲ್ಲಿ ಸಿಗುತ್ತದೆ. ಮಣ್ಣನ್ನು ನೇರ ಗೋಡೆಗೆ ತಾಗಿಸಬೇಡಿ, ಸುಣ್ಣದ ಗಾರೆಯ ಗೋಡೆ ಅದರ ತೇವ ಹೀರಿ ಉಬ್ಬುತ್ತದೆ. 3 ಇಂಚು ಜಾಗ ಬಿಟ್ಟು ಸಿಮೆಂಟ್ ಬ್ಲಾಕಿನ ಒಳಗೋಡೆ ಎಬ್ಬಿಸಿ. ಆರಾರು ಇಂಚು ಮಣ್ಣು ಹಾಕಿ, ನೀರು ಚಿಮುಕಿಸಿ, ದಿಮ್ಮಸು ಹೊಡೆದು, ಆಮೇಲೆ ಮುಂದಿನ ಪದರ. ಒಂದೇ ಸಲ ಎರಡಡಿ ತುಂಬಿ ನೀರು ನಿಲ್ಲಿಸಿ ಕೂರಿಸುತ್ತೇವೆ ಅನ್ನುವ ಮೇಸ್ತ್ರಿಗೆ ಒಪ್ಪಬೇಡಿ. ಕಡಿದ ಅರ್ಧ ಗಟ್ಟಿ, ತುಂಬಿದ ಅರ್ಧ ಸಡಿಲ ಆದರೆ ಎರಡೂ ಸೇರುವ ಗೆರೆಯಲ್ಲೇ ಕಾಂಕ್ರೀಟು ಬಿರಿಯುತ್ತದೆ. ಗೆದ್ದಲಿನ ಔಷಧಿಯನ್ನೂ ಈ ಹಂತದಲ್ಲೇ ಹಾಕಿ.

ಇದರ ಮೇಲೆ 6 ಇಂಚು ಕಲ್ಲಿನ ಸೋಲಿಂಗ್, ಅಂದರೆ ಕಲ್ಲಿನ ಹಾಸು (ಕಿತ್ತ ಹಳೆಯ ಕಾಂಕ್ರೀಟು ತುಂಡು ಇಲ್ಲಿಗಾಗುತ್ತದೆ), 4 ಇಂಚು 1:3:6 (ಸಿಮೆಂಟು, ಮರಳು, ಜಲ್ಲಿ) ಬೆಡ್ ಕಾಂಕ್ರೀಟು, 250 ಮೈಕ್ರಾನ್ ಪಾಲಿಥೀನ್ ಹಾಳೆ, ಕೊನೆಗೆ ಕಬ್ಬಿಣದ ಜಾಲರಿ (ಮೆಶ್) ಹಾಕಿದ 4 ಇಂಚಿನ ಎಂ25 ದರ್ಜೆಯ ಕಾಂಕ್ರೀಟು. ಒಟ್ಟು 14 ಇಂಚು. ಈಗ ಬಾಗಿಲುಗಳ ಲೆಕ್ಕ ನೋಡಿ: ಹಿಂದೆ ರಿಂಕಿನ ನೆಲ, ಹಾಗೇ ಬಿಟ್ಟ 10 ಅಡಿಯ ಅಂಚಿಗಿಂತ 7 ಇಂಚು ಮಾತ್ರ ಕೆಳಗೆ, ಒಂದಕ್ಕೆ ಹನ್ನೆರಡರ ಇಳಿಜಾರಿಗೆ 7 ಅಡಿ ರ‍್ಯಾಂಪ್ ಸಾಕು. ಮುಂದೆ ಮಾತ್ರ ನೆಲ 35 ಇಂಚು ಏರಿದೆ. ಪರದೆ ಪಕ್ಕದ 7 ಅಡಿ ಬಾಗಿಲು 4 ಅಡಿ 1 ಇಂಚಿಗೆ ಕುಗ್ಗುತ್ತದೆ. ಮೇಲಿನ ಲಿಂಟಲ್ ಎತ್ತಿ ಕೂರಿಸಿ, ಹೊರಗೆ 5 ಅಡಿ ಸಪಾಟು ಜಗಲಿ ಕಟ್ಟಿ, ಆಮೇಲೆ ಮೆಟ್ಟಿಲು. ತುರ್ತಿನಲ್ಲಿ ಚಕ್ರದ ಕಾಲಲ್ಲಿ ಹೊರಬರುವ ಮಗು ನೇರ ಮೆಟ್ಟಿಲಿಗೆ ಬೀಳಬಾರದು. ಲಾಭ ಒಂದಿದೆ: 3 ಅಡಿ ಎತ್ತರದ ವೇದಿಕೆ ಈಗ ನೆಲಕ್ಕಿಂತ ಒಂದೇ ಇಂಚು ಮೇಲೆ. ಸ್ಕೇಟು ಕಟ್ಟಿಕೊಳ್ಳುವ ಬೆಂಚುಗಳನ್ನು ಅಲ್ಲೇ ಹಾಕಿ.

ಮೇಲಿನ ಕಾಂಕ್ರೀಟು ಸುಮಾರು 30 ಘನಮೀಟರ್. ಸ್ಥಳದಲ್ಲೇ ಕಲಸಿದರೆ 210 ಚೀಲದಷ್ಟು ಸಿಮೆಂಟು. ರೆಡಿಮಿಕ್ಸ್ ಸಿಕ್ಕರೆ 6 ಘನಮೀಟರಿನ ಐದು ಲಾರಿ. ಟ್ರಿಮಿಕ್ಸ್ (ಹಸಿ ಕಾಂಕ್ರೀಟಿನ ಹೆಚ್ಚಿನ ನೀರನ್ನು ಪಂಪಿನಿಂದ ಹೀರಿ ತೆಗೆಯುವುದು) ಮಾಡಿಸಿ ಪವರ್ ಟ್ರೋವೆಲ್ (ಮೇಲ್ಮೈ ನುಣುಪು ಮಾಡುವ ಯಂತ್ರ) ಹೊಡೆಸಿ. 10 ಅಡಿ ಮಟ್ಟಗೋಲು ಎಲ್ಲಿ ಇಟ್ಟರೂ ಸಂದು 3 ಮಿಲಿಮೀಟರ್ ಮೀರಬಾರದು. ಕೀಲುಗಳನ್ನು (ಬಿರುಕು ಅಲ್ಲೇ ಬರಲೆಂದು ಕೊಯ್ಯುವ ಗೆರೆಗಳನ್ನು) ಅಗಲಕ್ಕೆ 15 ಅಡಿಯ ಮೂರು ಪಟ್ಟಿ, ಉದ್ದಕ್ಕೆ 14 ಅಡಿಯ ಐದು ಭಾಗ ಬರುವಂತೆ ಮಾರನೆಯ ದಿನದೊಳಗೆ ಒಂದು ಇಂಚಿಗಿಂತ ಸ್ವಲ್ಪ ಹೆಚ್ಚು ಆಳ ಕೊಯ್ಯಿಸಿ. ತಡವಾದರೆ ಕಾಂಕ್ರೀಟು ತನಗೆ ಬೇಕಾದಲ್ಲಿ ಬಿರಿಯುತ್ತದೆ. ಉದ್ದದ ಕೀಲು ಗೋಡೆಯಿಂದ 15 ಅಡಿ ದೂರವಿರುವುದರಿಂದ ಸುತ್ತು ಹೊಡೆಯುವವರ ಚಕ್ರ ಅದರ ಜಾಡಿನಲ್ಲಿ ಸಿಗುವುದಿಲ್ಲ. ಕೀಲಿಗೆ ಗಟ್ಟಿ ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ರಾಳ) ತುಂಬಿ. ಮೆತ್ತನೆಯ ಸಿಲಿಕೋನ್ ಚಕ್ರಕ್ಕೆ ಕಿತ್ತು ಬರುತ್ತದೆ. ವಿಟ್ರಿಫೈಡ್ ಟೈಲ್ಸು, ರೆಡ್ ಆಕ್ಸೈಡು ಎರಡೂ ಬೇಡ, ಜಾರುತ್ತವೆ. ಮರದ ನೆಲದ ಆಸೆಯಿದ್ದರೆ ಅರಸೀಕೆರೆ, ಕಡೂರಿನ ಒಣಹವೆಯಲ್ಲಿ ಯೋಚಿಸಬಹುದು. ಸಕಲೇಶಪುರ, ಮೂಡಿಗೆರೆಯಲ್ಲಿ ಹಲಗೆ ಉಬ್ಬಿ ಅಂಚು ಏಳುತ್ತದೆ.

ಬಣ್ಣಕ್ಕೆ ಮುಂಚೆ ತೇವ

ಕಾಂಕ್ರೀಟಿನ ಒಳತೇವ ಆರಲು ಇಂಚಿಗೆ ಒಂದು ತಿಂಗಳು ಹಿಡಿಯಿರಿ. ನವೆಂಬರ್ ಕೊನೆಗೆ ಸುರಿದರೆ ಮಾರ್ಚ್ ಕೊನೆಗೆ ಸಿದ್ಧ. ಒಂದೂವರೆ ಅಡಿ ಚೌಕದ ಪಾಲಿಥೀನ್ ತುಂಡಿನ ನಾಲ್ಕೂ ಅಂಚನ್ನು ನೆಲಕ್ಕೆ ಟೇಪಿನಿಂದ ಅಂಟಿಸಿ, ರಾತ್ರಿ ಕಳೆದು, ಕನಿಷ್ಠ 16 ಗಂಟೆ ಬಿಟ್ಟು ಎತ್ತಿ ನೋಡಿ. ಕೆಳಗೆ ಬೆವರು ಅಥವಾ ಕಪ್ಪು ಕಲೆ ಇದ್ದರೆ ಇನ್ನೂ ಕಾಯಿರಿ. ಹಸಿ ನೆಲಕ್ಕೆ ಬಳಿದ ಎಪಾಕ್ಸಿ ಗುಳ್ಳೆ ಎದ್ದು ಹಪ್ಪಳಿಕೆಯಾಗಿ ಸುಲಿಯುತ್ತದೆ. ಕಾಫಿಗೆ ಹೂಮಳೆ ಬಂದ ದಿನ, ಮಂಜು ಕವಿದ ಬೆಳಿಗ್ಗೆ ಬಳಿಯಬೇಡಿ. ಎಪಾಕ್ಸಿಯ ಮೇಲೆ ಪಾಲಿಯುರೆಥೇನ್ ಕೋಟು ಹಾಕಿದರೆ ಗೀರು ಕಡಿಮೆ, ಹಿಡಿತವೂ ಚೆನ್ನಾಗಿರುತ್ತದೆ. ಗಾಂಧಿ ಕ್ಲಾಸು ಮುಗಿದು ಸೆಕೆಂಡ್ ಕ್ಲಾಸು ಶುರುವಾಗುತ್ತಿದ್ದ ಗೆರೆಯನ್ನು ಅಳತೆಯಿಂದ ಹಿಡಿದು ಬೇರೆ ಬಣ್ಣದಲ್ಲಿ ಎಳೆಸಿ. ಮೊಳೆ, ಹಿತ್ತಾಳೆ ಪಟ್ಟಿ ಬೇಡ, ಚಕ್ರ ತಡೆಯುತ್ತದೆ.

ಸುತ್ತಲಿನ ಕಟಕಟೆ 42 ಇಂಚು ಎತ್ತರ, ಮಕ್ಕಳಿಗೆ 30 ಇಂಚಿನಲ್ಲಿ ಇನ್ನೊಂದು ಕೈಹಿಡಿಕೆ, ಕೆಳಗೆ ಕಾಲು ಒಳಗೆ ನುಗ್ಗದಂತೆ ಹಲಗೆ. ಬಾಲ್ಕನಿ ಕಂಬ ಹಾದಿಯಲ್ಲಿ ಬಂದರೆ 6 ಅಡಿವರೆಗೆ ದಪ್ಪ ಫೋಮ್ ಸುತ್ತಿ. ವಿದ್ಯುತ್ ಸಂಪರ್ಕದ ವರ್ಗ ಬದಲಿಸಲು ಹಾಸನದವರು ಚಾಮುಂಡೇಶ್ವರಿ ವಿದ್ಯುತ್ ನಿಗಮಕ್ಕೆ, ಚಿಕ್ಕಮಗಳೂರಿನವರು ಮೆಸ್ಕಾಂಗೆ ಅರ್ಜಿ ಹಾಕಬೇಕು. ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ, ಕಟ್ಟಡದ ಬಳಕೆ ಬದಲಾವಣೆ ಬೇರೆ.

ರೋಲರ್ ಹಾಕಿ ಆಟದ ಅಂಗಣ 40 ಮೀಟರ್‌ಗೆ 20 ಮೀಟರ್. ಇದು ಟಾಕೀಸಿನಲ್ಲಿ ಹಿಡಿಸುವುದಿಲ್ಲ, ಕ್ಲಬ್ಬಿನವರಿಗೆ ಮೊದಲೇ ಹೇಳಿಬಿಡಿ. ಕಟಕಟೆ ಬಿಟ್ಟು 2,800 ಚದರಡಿ ಸಿಕ್ಕರೆ ಒಬ್ಬರಿಗೆ 40 ಚದರಡಿಯಂತೆ 70 ಮಂದಿ, ಹೊಸಬರೇ ಹೆಚ್ಚಿದ್ದರೆ 45ಕ್ಕೆ ನಿಲ್ಲಿಸಿ. ಬಾಡಿಗೆ ಸ್ಕೇಟಿನ ಚಕ್ರ 92ಎಯಿಂದ 95ಎ ಗಡಸುತನದ್ದಿರಲಿ (ಸಂಖ್ಯೆ ಹೆಚ್ಚಿದಷ್ಟೂ ಚಕ್ರ ಗಟ್ಟಿ). ರಸ್ತೆಯಲ್ಲಿ ಓಡಿಸಿದ ಸ್ಕೇಟು ಒಳಗೆ ಬಿಡಬೇಡಿ, ಚಕ್ರಕ್ಕೆ ಮೆತ್ತಿದ ಮರಳು ಒಂದೇ ವಾರದಲ್ಲಿ ಕೋಟು ಗೀರುತ್ತದೆ. ದಿನವೂ ಒಣ ಮಾಪಿನಿಂದ ಒರೆಸಿ. ಮಳೆಗಾಲದಲ್ಲಿ ಬಾಗಿಲಿಗೆ ಎರಡು ಸಾಲು ಕಾಲೊರಸು ಹಾಕಿ, ಶೀಟಿನಿಂದ ಬೆವರು ತೊಟ್ಟಿಕ್ಕುವ ಜಾಗ ಕಂಡರೆ ಅಂದು ಆ ಭಾಗಕ್ಕೆ ಹಗ್ಗ ಕಟ್ಟಿ ಮುಚ್ಚಿ.