ಅನಿಲ ಕೊರೆತ ಶುರುವಾಗುವ ಮುನ್ನ ಕೊಳವೆಬಾವಿ ನೀರಿನ ಪರೀಕ್ಷೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಮಾರ್ಸೆಲಸ್ ಶೇಲ್ (ನೈಸರ್ಗಿಕ ಅನಿಲ ಹುದುಗಿರುವ ಆಳದ ಪದರಶಿಲೆ) ಪ್ರದೇಶದಲ್ಲಿ ಮನೆಯ ಕೊಳವೆಬಾವಿಯ ನೀರನ್ನು ಪರೀಕ್ಷಿಸಿಕೊಳ್ಳುವ ಹೊಣೆ ಮನೆಯವರದೇ. ಕೊರೆತಕ್ಕೆ ಮುಂಚಿನ ವರದಿ ಕೈಯಲ್ಲಿಲ್ಲದಿದ್ದರೆ ಆಮೇಲೆ ನೀರು ಕೆಟ್ಟದ್ದನ್ನು ಸಾಬೀತುಪಡಿಸುವುದು ಬಹಳ ಕಷ್ಟ.

ಮಾನ್ಯತೆ ಪಡೆದ ಪ್ರಯೋಗಾಲಯದ ಸಿಬ್ಬಂದಿಯೇ ಬಂದು ಮಾದರಿ ತೆಗೆಯಲಿ. ನೀವೇ ತುಂಬಿಸಿಕೊಟ್ಟ ಬಾಟಲಿ ಕೋರ್ಟಿನಲ್ಲಿ ನಿಲ್ಲುವುದು ಅನುಮಾನ. ಫಿಲ್ಟರ್, ಸಾಫ್ಟ್‌ನರ್‌ಗಳಿಗಿಂತ ಮುಂಚಿನ ನಲ್ಲಿಯಿಂದ, ಪೈಪಿನಲ್ಲಿ ನಿಂತ ನೀರು ಪೂರ್ತಿ ಹರಿದುಹೋದ ಮೇಲೆ ಹಿಡಿಯಬೇಕು. ನೈಸರ್ಗಿಕ ಅನಿಲದ ಮುಖ್ಯ ಅಂಶವಾದ ಮೀಥೇನ್ ಅಳೆಯಲು ತೆಗೆದ ಮಾದರಿಯ ಸೀಸೆಯಲ್ಲಿ ಒಂದು ಗುಳ್ಳೆಯೂ ಉಳಿಯಬಾರದು. ಉಳಿದರೆ ಅನಿಲ ಅದರೊಳಗೆ ಸೇರಿ, ನೀರಿನಲ್ಲಿ ಕಡಿಮೆ ಇದ್ದಂತೆ ಕಾಣುತ್ತದೆ. ಮಂಜುಗಡ್ಡೆಯಲ್ಲಿಟ್ಟು ಸಾಗಿಸಬೇಕು.

ಮೀಥೇನ್, ಈಥೇನ್, ಕ್ಲೋರೈಡ್, ಬೇರಿಯಂ, ಸ್ಟ್ರಾಂಷಿಯಂ, ಬ್ರೋಮೈಡ್, ಕರಗಿದ ಘನವಸ್ತು ಇಷ್ಟನ್ನಂತೂ ಬಿಡಬೇಡಿ. ಕ್ಲೋರೈಡ್, ಬೇರಿಯಂ ಜೊತೆಜೊತೆಗೇ ಏರಿದರೆ ಆಳದ ಉಪ್ಪುನೀರು ಸೇರಿರಬಹುದು. ಬೇರಿಯಂಗೆ ಅಮೆರಿಕದಲ್ಲಿ ಕುಡಿಯುವ ನೀರಿನ ಮಿತಿ ಲೀಟರಿಗೆ 2 ಮಿ.ಗ್ರಾಂ. ಮೀಥೇನ್ ಮಾತ್ರ ಏರಿದರೆ ಅನಿಲ ಬಾವಿಯ ಉಕ್ಕಿನ ಕೊಳವೆ ಸುತ್ತಲಿನ ಸಿಮೆಂಟ್ ಬಿರುಕುಬಿಟ್ಟಿರುವ ಸಂಶಯ. ಆದರೆ ಈ ನೆಲದಲ್ಲಿ ಮೀಥೇನ್ ಸಹಜವಾಗಿಯೂ ಇರುತ್ತದೆ, ಮೊದಲ ವರದಿ ಬೇಕಾಗುವುದೇ ಇದಕ್ಕೆ. ಮೀಥೇನ್ ಲೀಟರಿಗೆ 28 ಮಿ.ಗ್ರಾಂ ದಾಟಿದರೆ ಸ್ಫೋಟದ ಅಪಾಯ: ನಿಮ್ಮ ಕೊಳವೆಬಾವಿಯ ಮುಚ್ಚಳಕ್ಕೆ ಗಾಳಿಕೊಳವೆಯನ್ನು ತಕ್ಷಣ ಹಾಕಿಸಿ.

ಅನಿಲ ಕೊರೆಯುವ ಕಂಪನಿಯೂ ಪರೀಕ್ಷೆಗೆ ಬಂದರೆ ತಡೆಯಬೇಡಿ. 2012ರ ಕಾನೂನಿನಂತೆ ಶೇಲ್ ಅನಿಲ ಬಾವಿಯಿಂದ 2,500 ಅಡಿಯೊಳಗೆ, ಕೆಲಸ ಮುಗಿದು 12 ತಿಂಗಳೊಳಗೆ ನೀರು ಕೆಟ್ಟರೆ ಹೊಣೆ ಕಂಪನಿಯದೆಂದೇ ಭಾವಿಸಲಾಗುತ್ತದೆ. ನೀವು ಪ್ರವೇಶ ನಿರಾಕರಿಸಿದ್ದರೆ ಕಂಪನಿ ಅದನ್ನೇ ಮುಂದಿಟ್ಟು ನುಣುಚಿಕೊಳ್ಳಬಹುದು. ವಾಹಕತೆ ಮೀಟರಿನ (ನೀರಿನಲ್ಲಿ ಕರಗಿದ ಲವಣ ಹೆಚ್ಚಿದ್ದನ್ನು ತೋರಿಸುವ ಸಾಧನ) ಅಂಕಿಯನ್ನು ತಿಂಗಳಿಗೊಮ್ಮೆ ದಿನಾಂಕ ಸಮೇತ ಬರೆದಿಡಿ, ದಿಢೀರನೆ ಜಿಗಿದರೆ ಪ್ರಯೋಗಾಲಯವನ್ನು ಮತ್ತೆ ಕರೆಸಿ.