ಜೋಡಿ ಬಿಚ್ಚಿ ನೋಡಿ: ಬೇಸಿಗೆಯ ಟ್ರೇಡ್‌ಗೆ ಹಾಕಿ ಆಟಗಾರನನ್ನು ಅಳೆಯುವ ಬಗೆ

ಮೈಸೂರಿನಲ್ಲಿರುವ ಅಕ್ಕನ ಮಗನಿಗೆ ಐಸ್ ಹಾಕಿಯ ಹುಚ್ಚು ಹತ್ತಿಸಿದವನು ನಾನೇ. ಚಳಿಗಾಲದಲ್ಲಿ ಇಲ್ಲಿ ಕ್ಯಾಲ್ಗರಿಯಲ್ಲಿ ಸಂಜೆ ಏಳಕ್ಕೆ ಪಂದ್ಯ ಶುರುವಾದರೆ ಅಲ್ಲಿ ಮರುದಿನ ಬೆಳಿಗ್ಗೆ ಏಳೂವರೆ. ಎನ್‌ಎಚ್‌ಎಲ್ ಲೀಗ್‌ನಲ್ಲಿ ಆಡುವ ನಮ್ಮೂರ ತಂಡ ಫ್ಲೇಮ್ಸ್ ಸೋಲುವುದನ್ನು ನೋಡುತ್ತಾ ತಿಂಡಿ ಮುಗಿಸಿ ಅವನು ಕಾಲೇಜಿಗೆ ಹೊರಡುತ್ತಾನೆ. ಜೂನ್ ಬಂದರೆ, ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ಟ್ರೇಡ್ ಕಾಲಕ್ಕೆ, ಅವನದು ಒಂದೇ ಪ್ರಶ್ನೆ: "ಮಾವ, ಈ ಸಲ ಯಾರನ್ನು ತರಬೇಕು?" ಹೆಸರು ಹೇಳುವುದು ಸುಲಭ, ಅದನ್ನು ಟಿ.ವಿ.ಯವರೂ ಹೇಳುತ್ತಾರೆ. ಹೆಸರಿಗೆ ಹೇಗೆ ಬಂದು ಮುಟ್ಟಬೇಕು ಎಂಬುದನ್ನು ಈ ಸಲ ಅವನಿಗಾಗಿ ಬರೆದಿಟ್ಟಿದ್ದೇನೆ. ನಾನು ಲೆಕ್ಕಪತ್ರದ ಕೆಲಸದವನು, ಹಾಕಿ ಪಂಡಿತನಲ್ಲ. ಆದರೆ ಹದಿನೈದು ಬೇಸಿಗೆಗಳ ನೋಟ್‌ಬುಕ್ ನನ್ನ ಬಳಿ ಇದೆ, ಅದರಲ್ಲಿ ತಪ್ಪುಗಳೇ ಹೆಚ್ಚು.

ಮೊದಲು ಪರರ ತಂಡದ ಪಟ್ಟಿ ಮುಚ್ಚಿಟ್ಟು ನಿಮ್ಮದನ್ನು ತೆರೆಯಿರಿ. ಜುಲೈ 1ಕ್ಕೆ ಯಾರ ಕರಾರು ಮುಗಿಯುತ್ತದೆ? ಬಲಬದಿಯಲ್ಲಿ ಆಡುವ ಡಿಫೆನ್ಸ್‌ಮನ್‌ಗಳು ಎಷ್ಟು ಮಂದಿ? ಎರಡನೇ ಸಾಲಿನ ಸೆಂಟರ್‌ಗೆ ವಯಸ್ಸೆಷ್ಟು? ಕೊರತೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. "ಒಳ್ಳೆಯ ಫಾರ್ವರ್ಡ್ ಬೇಕು" ಎಂದು ಬರೆದರೆ ಅದು ಆಸೆ, ಕೊರತೆಯಲ್ಲ. "ಪಂದ್ಯಕ್ಕೆ ಇಪ್ಪತ್ತು ನಿಮಿಷ ಆಡಬಲ್ಲ, ಬಲಗೈ ಹೊಡೆತದ ಡಿಫೆನ್ಸ್‌ಮನ್" ಎಂದರೆ ಹುಡುಕಬಹುದು.

ಆದರೆ ಕೊರತೆಯೊಂದನ್ನೇ ಕಣ್ಣಿಗೆ ಕಟ್ಟಿಕೊಂಡು ಸಂತೆಗೆ ಹೋದವನ ಕಥೆಯೂ ಇದೆ. ಎಡ್ಮಂಟನ್ ಆಯಿಲರ್ಸ್‌ಗೆ ಬಲಬದಿಯ ಡಿಫೆನ್ಸ್‌ಮನ್ ಬೇಕೇ ಬೇಕಾಗಿತ್ತು, ಅದು ಲೀಗ್‌ಗೆಲ್ಲ ಗೊತ್ತಿತ್ತು. 2016ರ ಜೂನ್ 29ರಂದು ಟೇಲರ್ ಹಾಲ್ ಅವರನ್ನು ನ್ಯೂಜೆರ್ಸಿಗೆ ಕೊಟ್ಟು ಆಡಮ್ ಲಾರ್ಸನ್ ಅವರನ್ನು ತಂದರು, ಒಬ್ಬರಿಗೆ ಒಬ್ಬರು. ಲಾರ್ಸನ್ ಕೆಟ್ಟ ಆಟಗಾರರೇನಲ್ಲ. ಆದರೆ ಹಾಲ್ ಎರಡನೇ ವರ್ಷಕ್ಕೆ ಲೀಗ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ ಗೆದ್ದರು.

ಇನ್ನು ಅಂಕಗಳ ವಿಚಾರ. ಗೋಲ್ ಹೊಡೆದರೂ ಒಂದು ಅಂಕ, ಗೋಲ್‌ಗೆ ಪಾಸ್ ಕೊಟ್ಟರೂ ಒಂದು ಅಂಕ. ಇಲ್ಲಿ ನನ್ನದೇ ಒಂದು ಪುಟ ತೋರಿಸಬೇಕು. ತಾರೀಖು 2022ರ ಜುಲೈ 22, ರಾತ್ರಿ. ಫ್ಲೇಮ್ಸ್‌ನ ತಾರೆ ಜಾನಿ ಗೊಡ್ರೊ ಕರಾರು ಮುಗಿಸಿ ಪುಕ್ಕಟೆಯಾಗಿ ಕೊಲಂಬಸ್‌ಗೆ ಹೋಗಿ ಒಂಬತ್ತು ದಿನವಷ್ಟೇ ಆಗಿತ್ತು, ಮ್ಯಾಥ್ಯೂ ಕಚಕ್ ಕೂಡ ದೀರ್ಘ ಕರಾರಿಗೆ ಒಲ್ಲೆ ಎಂದಿದ್ದರು. ಫ್ಲೇಮ್ಸ್ ಅವರನ್ನು ಫ್ಲೋರಿಡಾ ಪ್ಯಾಂಥರ್ಸ್‌ಗೆ ಕೊಟ್ಟಿತು. ಬದಲಿಗೆ ಜೊನಾಥನ್ ಹ್ಯೂಬರ್ಡೋ, ಮೆಕೆಂಜಿ ವೀಗರ್, ಒಬ್ಬ ಎಳೆಯ ಆಟಗಾರ, ಡ್ರಾಫ್ಟ್‌ನ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವ್ಯವಸ್ಥೆ) ಮೊದಲ ಸುತ್ತಿನ ಒಂದು ಸರದಿ ಬಂದವು. ನಾನು ಖಾತೆ ಪುಸ್ತಕದ ಹಾಗೆ ಗೆರೆ ಎಳೆದೆ. ಖರ್ಚಿನ ಬದಿಯಲ್ಲಿ ಕಚಕ್, 104 ಅಂಕ. ಜಮೆಯ ಬದಿಯಲ್ಲಿ ಹ್ಯೂಬರ್ಡೋ, 115 ಅಂಕ. ಅದರ ಕೆಳಗೆ ಸಣ್ಣಕ್ಷರದಲ್ಲಿ "ಜೊತೆಗೆ ವೀಗರ್". ಕೊನೆಗೆ ಕೆಂಪು ಶಾಯಿಯಲ್ಲಿ "ಲಾಭ". ಮರುದಿನ ಗೆಳೆಯರಿಗೆ ಮೈಸೂರು ಪಾಕ್ ಬೇರೆ ಹಂಚಿದೆ.

ಮುಂದಿನ ವರ್ಷ ಹ್ಯೂಬರ್ಡೋ ಗಳಿಸಿದ್ದು 55 ಅಂಕ. ಅರವತ್ತು ಅಂಕಗಳ ಕುಸಿತ. ಅಷ್ಟರಲ್ಲಿ, ಫ್ಲೇಮ್ಸ್ ಅಂಗಿಯಲ್ಲಿ ಒಂದು ಪಂದ್ಯವನ್ನೂ ಆಡುವ ಮೊದಲೇ, ಅವರೊಂದಿಗೆ ವರ್ಷಕ್ಕೆ 1.05 ಕೋಟಿ ಡಾಲರ್‌ನ ಎಂಟು ವರ್ಷಗಳ ಕರಾರು ಆಗಿಹೋಗಿತ್ತು. ಕಚಕ್ ಆ ವರ್ಷ 109 ಅಂಕ ಗಳಿಸಿದರು, ನಂತರ 2024 ಮತ್ತು 2025ರಲ್ಲಿ ಸ್ಟಾನ್ಲಿ ಕಪ್ ಎತ್ತಿದರು. ನಾನು ಸಣ್ಣಕ್ಷರದಲ್ಲಿ ಬರೆದಿದ್ದ ವೀಗರ್ 2023-24ರಲ್ಲಿ ಡಿಫೆನ್ಸ್‌ಮನ್ ಆಗಿದ್ದೂ 20 ಗೋಲ್ ಹೊಡೆದರು. ಫ್ಲೇಮ್ಸ್ ಆಡಳಿತವನ್ನು ನಾನು ಬೈಯುವುದಿಲ್ಲ, ಅವರ ಕೈ ಕಟ್ಟಿಹೋಗಿತ್ತು. ಮನೆಯಲ್ಲಿ ಆರಾಮಾಗಿ ಕುಳಿತಿದ್ದ ನನ್ನ ಕೈ ಯಾರೂ ಕಟ್ಟಿರಲಿಲ್ಲ.

ಹಾಗಾದರೆ ಏನು ನೋಡಬೇಕಿತ್ತು? ಹಾಸನದ ಕಡೆ ದನಗಳ ಜಾತ್ರೆಯಲ್ಲಿ ನಮ್ಮ ತಾತ ಹಲ್ಲು ಎಣಿಸಿದ ಮೇಲೂ ದುಡ್ಡು ಬಿಚ್ಚುತ್ತಿರಲಿಲ್ಲ. ಜೋಡಿಯಲ್ಲಿದ್ದ ಎತ್ತಿನ ನೊಗ ಬಿಚ್ಚಿಸಿ, ಒಂದನ್ನೇ ನಡೆಸು ಎನ್ನುತ್ತಿದ್ದರು. ಪಕ್ಕದ ಎತ್ತಿನ ಜೋರಿನಲ್ಲಿ ನಡೆಯುತ್ತಿದ್ದುದು ಯಾವುದು, ಎಳೆಯುತ್ತಿದ್ದುದು ಯಾವುದು ಎಂಬುದು ಆಗ ತಿಳಿಯುತ್ತಿತ್ತು. ಹಾಕಿಯಲ್ಲಿ ಈ ನೊಗ ಬಿಚ್ಚಲು ಸಾಧನಗಳಿವೆ. ನ್ಯಾಚುರಲ್ ಸ್ಟ್ಯಾಟ್ ಟ್ರಿಕ್ ತಾಣದಲ್ಲಿ ಇಬ್ಬರು ಆಟಗಾರರ ಹೆಸರು ಕೊಟ್ಟರೆ, ಅವರು ಒಟ್ಟಿಗೆ ಆಡಿದಾಗ ಹೇಗೆ, ಬೇರೆಬೇರೆಯಾಗಿ ಆಡಿದಾಗ ಹೇಗೆ ಎಂಬ ಲೆಕ್ಕ ಸಿಗುತ್ತದೆ. ಒಳ್ಳೆಯ ಜೊತೆಗಾರ ಇಲ್ಲದಾಗಲೂ ತಂಡ ಎದುರಾಳಿಗಿಂತ ಹೆಚ್ಚು ಹೊಡೆತ ಹೊಡೆಯುತ್ತಿದ್ದರೆ, ಎಳೆಯುವ ಎತ್ತು ಇದೇ.

ಹ್ಯೂಬರ್ಡೋ ಅವರ 115ರಲ್ಲಿ 85 ಅಸಿಸ್ಟ್. ಅಸಿಸ್ಟ್ ಎಂದರೆ ಗೋಲ್ ಹೊಡೆದವನು ಇನ್ನೊಬ್ಬ. ಆ ವರ್ಷ ಫ್ಲೋರಿಡಾ ಲೀಗ್‌ನಲ್ಲೇ ಅತಿ ಹೆಚ್ಚು ಗೋಲ್ ಹೊಡೆದ ತಂಡ. ಪಕ್ (ಚೆಂಡಿನ ಬದಲಿನ ರಬ್ಬರ್ ಬಿಲ್ಲೆ) ಸಿಕ್ಕ ಕ್ಷಣ ಮುನ್ನುಗ್ಗುವ ಆ ಆಟದಿಂದ ಬಂದವರು, ಪಕ್ಕನ್ನು ಮೂಲೆಗೆ ತಳ್ಳಿ ಗುದ್ದಾಡಿ ಗಳಿಸಬೇಕಾದ, ಫ್ಲೇಮ್ಸ್ ಕೋಚ್ ಡ್ಯಾರಿಲ್ ಸಟರ್ ಅವರ ಆಟಕ್ಕೆ ಬಂದರು. ಆದ್ದರಿಂದ ಅಂಕಗಳನ್ನು ಒಡೆದು ನೋಡಿ: ಗೋಲ್ ಎಷ್ಟು, ಗೋಲ್‌ಗೆ ನೇರವಾಗಿ ಪಾಸ್ ಕೊಟ್ಟಿದ್ದೆಷ್ಟು, ಅದಕ್ಕೂ ಹಿಂದಿನ ಪಾಸ್ ಎಷ್ಟು, ಐವರಿಗೆ ಐವರು ಇದ್ದಾಗ ಎಷ್ಟು, ಪವರ್ ಪ್ಲೇಯಲ್ಲಿ, ಅಂದರೆ ಎದುರಾಳಿಯ ಆಟಗಾರ ಶಿಕ್ಷೆಯಾಗಿ ಹೊರಗಿದ್ದಾಗ, ಎಷ್ಟು. ಪವರ್ ಪ್ಲೇಯಲ್ಲಿ ನಿಮ್ಮ ತಂಡ ಅವನಿಗೆ ಅದೇ ಜಾಗ ಕೊಡುತ್ತದೆಯೇ? ಕೊಡುವುದಿಲ್ಲವಾದರೆ ಆ ಅಂಕಗಳನ್ನು ಈಗಲೇ ಹೊಡೆದುಹಾಕಿ. ಲೆಕ್ಕ ಒಂದು ವರ್ಷದ್ದಲ್ಲ, ಮೂರು ವರ್ಷದ್ದಿರಲಿ.

ಅದೃಷ್ಟವನ್ನೂ ಕಳೆಯಬೇಕು. ಲೀಗ್‌ನಲ್ಲಿ ಸರಾಸರಿ ಹತ್ತು ಹೊಡೆತಕ್ಕೆ ಹೆಚ್ಚೂಕಡಿಮೆ ಒಂದು ಗೋಲ್. ಸ್ಯಾಮ್ ರೈನ್‌ಹಾರ್ಟ್ 2023-24ರಲ್ಲಿ 57 ಗೋಲ್ ಹೊಡೆದಾಗ ಅವರ ಪ್ರಮಾಣ ಶೇಕಡಾ 24ನ್ನು ದಾಟಿತ್ತು. ಎಷ್ಟೇ ಕೈಚಳಕವಿದ್ದರೂ ಇದು ವರ್ಷವರ್ಷ ಬರುವ ಫಸಲಲ್ಲ. ಮುಂದಿನ ಸಲ 39ಕ್ಕೆ ಇಳಿಯಿತು. 57ರ ಮರುಬೇಸಿಗೆಯಲ್ಲಿ ಕೊಳ್ಳುವವನು 57ರ ಬೆಲೆ ಕೊಟ್ಟು 39 ತರುತ್ತಾನೆ. ಫ್ಲೋರಿಡಾ ಅವರನ್ನು ಕೊಂಡದ್ದು ಯಾವಾಗ ನೋಡಿ: 2021ರ ಜುಲೈಯಲ್ಲಿ, ಲೀಗ್‌ನ ಕಟ್ಟಕಡೆಯ ಸ್ಥಾನದಲ್ಲಿದ್ದ ಬಫಲೋದಿಂದ. ಸತತ 18 ಪಂದ್ಯ ಗೆಲುವಿಲ್ಲದೆ ಕಳೆದ ಆ ತಂಡದಲ್ಲೂ ರೈನ್‌ಹಾರ್ಟ್ 54 ಪಂದ್ಯಗಳಲ್ಲಿ 25 ಗೋಲ್ ಹೊಡೆದಿದ್ದರು, ವಯಸ್ಸು 25. ಕೊಟ್ಟ ಬೆಲೆ ಮೊದಲ ಸುತ್ತಿನ ಒಂದು ಡ್ರಾಫ್ಟ್ ಸರದಿ, ಜೊತೆಗೆ ಡೆವನ್ ಲೀವೈ ಎಂಬ ಎಳೆಯ ಗೋಲ್‌ಕೀಪರ್. ನನ್ನ ಮಟ್ಟಿಗೆ ಈ ಹತ್ತು ವರ್ಷಗಳ ಅತ್ಯುತ್ತಮ ಖರೀದಿ ಇದೇ.

ಅಂಕಿಗಳಲ್ಲಿ ಪಾಸಾದವನ ಆಟವನ್ನು ಕಣ್ಣಾರೆ ನೋಡಿ. ಅವನ ಗೋಲ್‌ಗಳ ತುಣುಕುಗಳನ್ನಲ್ಲ, ಮದುವೆ ಆಲ್ಬಮ್‌ನಲ್ಲಿ ಎಲ್ಲರೂ ಚೆಂದವೇ. ಫೆಬ್ರವರಿಯ ಮೂರು ಸಾಧಾರಣ ಪಂದ್ಯಗಳನ್ನು ಆರಿಸಿ. ಹಿಂದಿನ ರಾತ್ರಿಯೂ ಆಡಿ ದಣಿದು ಬಂದ ಪಂದ್ಯ ಅದರಲ್ಲೊಂದಿರಲಿ. ಪಕ್ಕನ್ನು ಬಿಟ್ಟು ಅವನನ್ನೇ ಹಿಂಬಾಲಿಸಿ. ಬೆಂಚಿನಿಂದ ಇಳಿದು ಆಡಿ ಮರಳುವ ಒಂದು ಸರದಿ ಸುಮಾರು ನಲವತ್ತೈದು ಸೆಕೆಂಡು. ನನಗೆ ತುಂಬ ಮೆಚ್ಚಿಗೆಯಾಗಿದ್ದ ಒಬ್ಬ ವಿಂಗರ್ ಇದ್ದ, ಹೆಸರು ಬೇಡ. ಸರದಿಯ ಕೊನೆಯಲ್ಲಿ ಎದುರಾಳಿಯ ನೀಲಿಗೆರೆಯ ಬಳಿ ಪಕ್ ಕಳೆದುಕೊಂಡ. ಪಕ್ ಅವನ ಗೋಲ್‌ನತ್ತ ಓಡುತ್ತಿತ್ತು, ಅವನು ಬೆಂಚಿನತ್ತ ಅರ್ಧಚಂದ್ರಾಕಾರವಾಗಿ ಜಾರುತ್ತಾ ಹೋದ, ಪೇಟೆಯಿಂದ ಮನೆಗೆ ಮರಳುವವನ ಹಾಗೆ. ಒಮ್ಮೆಯಾದರೆ ದಣಿವು. ಮೂರು ಪಂದ್ಯಗಳಲ್ಲಿ ಐದು ಸಲ ಎಣಿಸಿದೆ, ಪುಟ ಮಡಚಿಟ್ಟೆ. (ಗರಿಷ್ಠ ವೇಗದ ಅಂಕಿಯನ್ನು ಲೀಗ್ ಈಗ ಪ್ರಕಟಿಸುತ್ತದೆ. ಹಿಂದಕ್ಕೆ ಓಡದವನ ವೇಗದಿಂದ ನನಗೇನು?)

ಆಮೇಲೆ ಕರಾರು. ಡಾಲರ್‌ನಲ್ಲಿ ಯೋಚಿಸಬೇಡಿ, ವೇತನ ಮಿತಿಯ (ಒಂದು ತಂಡ ಆಟಗಾರರ ಸಂಬಳಕ್ಕೆ ಒಟ್ಟು ಖರ್ಚು ಮಾಡಬಹುದಾದ ಗರಿಷ್ಠ ಮೊತ್ತ) ಶೇಕಡಾವಾರಿನಲ್ಲಿ ಯೋಚಿಸಿ. ಮಿತಿ 2023-24ರಲ್ಲಿ 8.35 ಕೋಟಿ ಇತ್ತು, 2025-26ಕ್ಕೆ 9.55 ಕೋಟಿ ಆಯಿತು, 2026-27ಕ್ಕೆ 10.4 ಕೋಟಿ ಎಂದು ಲೀಗ್ ಮೊದಲೇ ಸಾರಿತು. ಅದೇ 1.05 ಕೋಟಿಯ ಕರಾರು ಮೊದಲು ಶೇ. 12.6, ಆಮೇಲೆ ಶೇ. 11, 2026-27ರಲ್ಲಿ ಶೇ. 10ರ ಆಸುಪಾಸು. ಮಾರುವ ತಂಡ ಸಂಬಳದ ಅರ್ಧದವರೆಗೂ ತನ್ನ ಲೆಕ್ಕದಲ್ಲೇ ಉಳಿಸಿಕೊಳ್ಳಬಹುದು. ಆದರೆ ಆ ಉಪಕಾರಕ್ಕೂ ಬೆಲೆ ಕೇಳುತ್ತದೆ. ಒಪ್ಪಿಗೆಯಿಲ್ಲದೆ ಟ್ರೇಡ್ ಮಾಡಬಾರದೆಂಬ ಷರತ್ತು ಇದೆಯೇ ಎಂದು ಮೊದಲೇ ನೋಡಿ. ಫ್ಲೋರಿಡಾದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಸಮುದ್ರವಿದೆ. ನಮ್ಮಲ್ಲಿ ಮೈನಸ್ ಮೂವತ್ತು ಇದೆ. ಈ ಕರಾರಿನ ವಿವರಗಳಿಗೆಲ್ಲ ಹಿಂದೆ ಕ್ಯಾಪ್‌ಫ್ರೆಂಡ್ಲಿ ಇತ್ತು, 2024ರಲ್ಲಿ ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡ ಅದನ್ನೇ ಕೊಂಡು ಬಾಗಿಲು ಹಾಕಿತು. ಈಗ ಪಕ್‌ಪೀಡಿಯಾ ನೋಡುತ್ತೇನೆ.

ಬೆಲೆ ಗೊತ್ತಾಗುವುದು ಆಟಗಾರನಿಂದಲ್ಲ, ಮಾರುವವನ ಇಕ್ಕಟ್ಟಿನಿಂದ. 2025ರ ಜೂನ್ ಕೊನೆಗೆ 102 ಅಂಕಗಳ ಮಿಚ್ ಮಾರ್ನರ್ ಅವರಿಗೆ ಟೊರೊಂಟೊ ಪಡೆದದ್ದು ನಿಕೊಲಾ ರುವಾ ಎಂಬ ಒಬ್ಬ ಸೆಂಟರ್‌ನನ್ನು ಮಾತ್ರ. ಒಂದು ದಿನ ಕಳೆದಿದ್ದರೆ ಅದೂ ಇಲ್ಲ, ಏಕೆಂದರೆ ಕರಾರು ಮುಗಿಯುತ್ತಿತ್ತು. ಕರಾರಿಗೆ ಒಂದೇ ವರ್ಷ ಉಳಿದು, ಸಹಿ ಹಾಕಲು ಮನಸ್ಸಿಲ್ಲದವರನ್ನೂ, ಮಿತಿ ಮೀರಿದ ತಂಡಗಳನ್ನೂ ಗುರುತಿಸಿಡಿ. ಬೇಸಿಗೆಯಲ್ಲಿ ಶೇ. 10ರಷ್ಟು ಮಿತಿ ಮೀರಲು ಅವಕಾಶವಿದೆ, ಸೀಸನ್ ಶುರುವಾಗುವಾಗ ಒಳಗೆ ಬರಲೇಬೇಕು. ನೀವು ಕೊಡಬಹುದಾದ ಗರಿಷ್ಠ ಬೆಲೆಯನ್ನು ಮೊದಲ ದಿನವೇ ಬರೆದಿಡಿ. ನಾನು ಪೆನ್ಸಿಲ್‌ನಲ್ಲಿ ಬರೆಯುವುದಿಲ್ಲ, ಅಳಿಸುವ ಚಪಲ ಬರುತ್ತದೆ.

ಅಕ್ಕನ ಮಗ ಕಳೆದ ವಾರ ಐದು ಹೆಸರು ಕಳಿಸಿದ್ದ. ಇಬ್ಬರು ಕರಾರಿನಲ್ಲೇ ಬಿದ್ದುಹೋದರು. ಒಬ್ಬನ ಅಂಕಗಳಲ್ಲಿ ಅರ್ಧ ಪವರ್ ಪ್ಲೇಯವು. ಇನ್ನೊಬ್ಬನನ್ನು ನೊಗ ಬಿಚ್ಚಿ ನೋಡಿದಾಗ ನಿಂತಲ್ಲೇ ನಿಂತ. ಉಳಿದ ಒಬ್ಬನ ಫೆಬ್ರವರಿಯ ಮೂರು ಪಂದ್ಯ ನೋಡಿ, ಎಷ್ಟು ಸಲ ಹಿಂದಕ್ಕೆ ಓಡಿದ ಎಂದು ಎಣಿಸಿ ಭಾನುವಾರ ಫೋನ್ ಮಾಡು ಎಂದಿದ್ದೇನೆ.